ಯಾವ ಆಯ್ತು?

ಕೆಟ್ಟ ಕೆಲಸ ಯಾಕೆ ಕೆಟ್ಟಿತು ಎಂದು ಕೇಳಿಕೊಂಡು ಓಡಾಡುವುದೂ ಒಂದು ಉದ್ಯೋಗ, ಅದಕ್ಕೂ ತಿಂಗಳು ತಿಂಗಳು ಸಂಬಳ ಕೊಡುತ್ತಾರೆ ಎಂಬುದನ್ನು ಶಾಂತಲಾಳ ಅತ್ತೆ ಸುಬ್ಬಮ್ಮ ಕೊನೆಯವರೆಗೂ ನಂಬಲಿಲ್ಲ. "ಕೆಟ್ಟಿದ್ದನ್ನ ರಿಪೇರಿ ಮಾಡ್ತೀಯೇನಮ್ಮಾ?" ಎಂದು ಕೇಳುತ್ತಿದ್ದರು. ಇಲ್ಲ ಅತ್ತೆ, ಯಾಕೆ ಕೆಟ್ಟಿತು ಅಂತ ಬರೆದುಕೊಡ್ತೀನಿ ಅಷ್ಟೆ. "ಬರೆದುಕೊಟ್ರೆ ಸರಿಹೋಗುತ್ತಾ?" ಸುಬ್ಬಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಶಾಂತಲಾಳಿಗೆ ಉತ್ತರ ಇನ್ನೂ ಹೊಳೆದಿರಲಿಲ್ಲ.

ಹದಿನಾಲ್ಕು ವರ್ಷ ಅವಳು ಇದೇ ಕೆಲಸ ಮಾಡಿದ್ದಳು. ಹೆಬ್ಬಾಳದ ಟೆಕ್ ಪಾರ್ಕಿನ ಐದನೇ ಮಹಡಿಯಲ್ಲಿ ಅವಳ ಟೇಬಲ್ಲು, ಮನೆ ಸಹಕಾರನಗರದಲ್ಲಿ. ಮೂರೂವರೆ ಕಿಲೋಮೀಟರ್ ದಾರಿಗೆ ಫ್ಲೈಓವರ್ ಬಾಯಲ್ಲಿ ದಿನಾ ಮುಕ್ಕಾಲು ಗಂಟೆ. ಅವಳು ಬರೆದ ವರದಿಗಳು ಎಷ್ಟಾಗಿದ್ದವೋ ಅವಳಿಗೇ ಲೆಕ್ಕ ತಪ್ಪಿತ್ತು. ಓದಿದವರು ಎಷ್ಟು ಜನ ಎನ್ನುವುದು ಮಾತ್ರ ಚೆನ್ನಾಗಿ ಗೊತ್ತಿತ್ತು, ಅದಕ್ಕೆ ಒಂದು ಕೈಯ ಬೆರಳು ಸಾಕು. ಸುಸ್ತಾಗಿದ್ದಳು ಪಾಪ. ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ ಅದು.

2014ರ ಫೆಬ್ರವರಿ ಮೊದಲ ವಾರ ಸೆಂಟರಿನ ಮುಖ್ಯಸ್ಥ ರಘುನಾಥ್ ಕರೆದರು. ಬಾಗಿಲು ಹಾಕಿಕೊಳ್ಳಿ ಎಂದರು. ಬಾಗಿಲು ಹಾಕಿಕೊಳ್ಳಿ ಎಂದರೆ ಏನೋ ತಗಲಿ ಹಾಕುತ್ತಾರೆ ಎಂದೇ ಅರ್ಥ.

"ನೋಡಿ ಶಾಂತಲಾ, ಐದು ಪ್ರಾಜೆಕ್ಟು. ಐದಕ್ಕೂ ಮೂರು ದೇಶದ ಟೀಮು. ನಾವು, ಜರ್ಮನಿ, ಪೋಲೆಂಡು. ನಾಲ್ಕು ಮಕಾಡೆ ಮಲ್ಗಿದ್ವು. ಲಿಫ್ಟ್ ಪ್ರಾಜೆಕ್ಟ್ ಒಂದು ಮಾತ್ರ ಎರಡು ರಿಲೀಸೂ ಹೇಳಿದ ದಿನಕ್ಕೆ ಕರೆಕ್ಟಾಗಿ ಹೋಯ್ತು. ಯಾಕೆ ಹೋಯ್ತು ಅಂತ ಕಂಡುಹಿಡೀರಿ. ಅದನ್ನೇ ಎಲ್ಲಾ ಕಡೆ ಹಾಕ್ಬಿಡೋಣ. ಆರು ವಾರ ಸಾಕಲ್ಲ?"

"ಸಾಕು ಸರ್."

"ಇನ್ನೊಂದು. ಏಪ್ರಿಲ್‌ನಿಂದ ಜನ ಕಮ್ಮಿ ಮಾಡ್ಬೇಕು ಅಂತ ಮೇಲಿಂದ ಬಂದಿದೆ. ಗೆದ್ದಿದ್ದಕ್ಕೆ ಕಾರಣ ಅಂತ ನಿಮ್ಮ ರಿಪೋರ್ಟಲ್ಲಿ ಯಾವ್ಯಾವ ಕೆಲ್ಸ ಬರುತ್ತೋ ಆ ಪೋಸ್ಟ್‌ಗಳು ಇರ್ತವೆ. ಉಳಿದಿದ್ದು ನೋಡೋಣ."

ನಮ್ಮಲ್ಲಿ ನೋಡೋಣ ಎಂದರೆ ಏನು ಎಂದು ಎಲ್ಲರಿಗೂ ಗೊತ್ತು. ಶಾಂತಲಾ ತಲೆಯಾಡಿಸಿ ಬಂದಳು. ಇಷ್ಟು ವರ್ಷ ಬರೀ ಸಾವಿನ ಮನೆಗೆ ಹೋಗಿ ಅಭ್ಯಾಸವಾದವಳನ್ನು ಮದುವೆ ಮನೆಗೆ ಕಳಿಸಿದ ಹಾಗಾಗಿತ್ತು, ಅಲ್ಲಿ ಹೇಗೆ ಮುಖ ಇಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ.

ಊರೂರಿನ ಕಟ್ಟಡಗಳಲ್ಲಿ ಯಾವ ಲಿಫ್ಟು ಯಾವ ಮಹಡಿಯಲ್ಲಿ ಕೆಟ್ಟು ನಿಂತಿದೆ ಎಂದು ಜರ್ಮನಿಯ ಕಂಪನಿಗೆ ತಿಳಿಸುವ ಸಾಫ್ಟ್‌ವೇರ್ ಅದು. ಹೆಬ್ಬಾಳದಲ್ಲಿ ಹದಿನೆಂಟು ಜನ ಅದರ ಮೇಲೆ ದುಡಿಯುತ್ತಿದ್ದರು. (ಅವರದೇ ಕಟ್ಟಡದ ಎರಡನೇ ಲಿಫ್ಟು ಸಂಕ್ರಾಂತಿಯಿಂದ ಕೆಟ್ಟು ಕೂತಿತ್ತು, ಅದನ್ನು ಯಾರಿಗೂ ಯಾರೂ ತಿಳಿಸಿರಲಿಲ್ಲ.) ಶಾಂತಲಾ ತನ್ನ ನಲವತ್ತೆರಡು ಪ್ರಶ್ನೆಗಳ ನಮೂನೆ ಹಿಡಿದುಕೊಂಡು ಒಬ್ಬೊಬ್ಬರನ್ನೇ ಕೂರಿಸಿ ಕೇಳಿದಳು. ಪ್ರತಿ ಪ್ರಶ್ನೆಗೂ ಒಂದರಿಂದ ಐದು ಅಂಕ. ಕೆಲಸ ದಾಖಲಿಸುವ ಟೂಲು ಸೋತ ನಾಲ್ಕು ಟೀಮಿನಲ್ಲೂ ಅದೇ. ತರಬೇತಿಯೂ ಅದೇ. ಸೋಮವಾರದ ವಿಡಿಯೋ ಮೀಟಿಂಗೂ ಅದೇ, ಅದರಲ್ಲಿ ಕೇಳಿಸದೆ ಇದ್ದರೂ ಕೇಳಿಸ್ತಿದೆ ಎನ್ನುವ ಜನರೂ ಅದೇ ತರದವರೇ. ಎರಡು ವಾರ ಕಳೆದ ಮೇಲೆ ಕೂಡಿಸಿ ನೋಡಿದರೆ ಗೆದ್ದವರಿಗೂ ಸೋತವರಿಗೂ ಬರೀ ಮೂರು ಅಂಕದ ವ್ಯತ್ಯಾಸ. ಥತ್ ಎಂದು ನಮೂನೆ ಮಡಿಸಿಟ್ಟಳು.

ನಮೂನೆ ಮಡಿಸಿಟ್ಟದ್ದರಿಂದಲೇ ಕಣ್ಣಿಗೆ ಬಿತ್ತು. ಹನ್ನೊಂದೂವರೆ ಹೊತ್ತಿಗೆ ಐವತ್ತೈದರ ಆಸುಪಾಸಿನ ಹೆಂಗಸೊಬ್ಬರು ನೀಲಿ ರಟ್ಟಿನ ಉದ್ದನೆ ನೋಟ್‌ಬುಕ್ ಹಿಡಿದು, ಕತ್ತಿನಲ್ಲಿ ಗುರುತಿನ ಚೀಟಿ, ಮುಡಿಯಲ್ಲಿ ಕನಕಾಂಬರ, ಟೇಬಲ್ಲಿಂದ ಟೇಬಲ್ಲಿಗೆ ಹೊರಟರು. ಗೋಪಾಲಮ್ಮ. ಟೀಮಿನ ಅಸಿಸ್ಟೆಂಟು, ಮೀಟಿಂಗ್ ರೂಮು ಹಿಡಿಯುವುದು, ಕ್ಯಾಬ್ ಹೇಳುವುದು, ಮುರಿದ ಕುರ್ಚಿ ಬದಲಿಸುವುದು ಅವರ ಕೆಲಸ. ವರ್ಷ ವರ್ಷ ಕಾಂಟ್ರಾಕ್ಟು. ಶಾಂತಲಾಳ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ, ಯಾಕೆಂದರೆ ಅವರು ಕೋಡ್ ಬರೆಯುವವರಲ್ಲ.

ಗೋಪಾಲಮ್ಮ ಮೊದಲು ನಿಂತದ್ದು ಪುನೀತನ ಹತ್ತಿರ. ಇಪ್ಪತ್ತೆಂಟರ ಹುಡುಗ, ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು.

"ಪುನೀತು, ಬಾಗ್ಲು ಸೆನ್ಸರ್ದು ಜರ್ಮನಿಯಿಂದ ಉಲ್ರಿಕೆ ಕೇಳಿದ್ರಲ್ಲ?"

"ಆಯ್ತು ಗೋಪಾಲಮ್ಮ."

"ಯಾವ ಆಯ್ತು?"

ಪುನೀತ್ ತಲೆ ಕೆರೆದುಕೊಂಡ. ಪಕ್ಕದವರು ಕಿಸಕ್ಕೆಂದರು.

"ಒಪ್ಪಿದ ಆಯ್ತು."

"ಮುಗಿದ ಆಯ್ತು ಯಾವಾಗ?"

"ಗುರುವಾರ."

"ಗುರ್ವಾರ ಬೆಳಿಗ್ಗೆನೋ ಸಾಯಂಕಾಲನೋ?"

"ಅಯ್ಯೋ ಬಿಡಿ ಗೋಪಾಲಮ್ಮ, ನಮ್ಮಮ್ಮನೂ ಇಷ್ಟು ಕೇಳಲ್ಲ. ಸಾಯಂಕಾಲ ಅಂತ ಬರ್ಕೊಳಿ."

ಬರೆದುಕೊಂಡರು. ಹೀಗೆ ಹದಿನೆಂಟು ಟೇಬಲ್ಲು. ಹನ್ನೆರಡೂವರೆಗೆ, ಜರ್ಮನಿಯಲ್ಲಿ ಬೆಳಗಿನ ಎಂಟು ಗಂಟೆ ಹೊಡೆಯುವ ಹೊತ್ತಿಗೆ, ಎರಡು ಕಾಲಮ್ಮಿನ ಒಂದು ಪಟ್ಟಿ ಅಲ್ಲಿಗೂ ಪೋಲೆಂಡಿಗೂ ಹೋಗುತ್ತಿತ್ತು. ಒಂದು ಕಡೆ ಒಪ್ಪಿಕೊಂಡದ್ದು, ಒಂದು ಕಡೆ ಮುಗಿದದ್ದು. ಎರಡಕ್ಕೂ ಮುಂದೆ ತಾರೀಖು. ಜರ್ಮನಿಯ ಟೀಮಿನ ಮುಖ್ಯಸ್ಥೆ ಉಲ್ರಿಕೆ ಆ ಪಟ್ಟಿಯನ್ನು ಓದದೆ ಬೇರೆ ಮೇಲ್ ತೆರೆಯುವುದಿಲ್ಲವಂತೆ. ಅದಕ್ಕೆ ಅವರಿಟ್ಟ ಹೆಸರೇ ‘ಗೋಪಾಲಮ್ಮ’. ಇವತ್ತಿನ ಗೋಪಾಲಮ್ಮ ಬಂತಾ ಎಂದು ಕೇಳುತ್ತಿದ್ದರಂತೆ.

ಮಾರನೇ ದಿನ ಕ್ಯಾಂಟೀನಿನಲ್ಲಿ ಶಾಂತಲಾ ಡಬ್ಬಿ ತೆಗೆದುಕೊಂಡು ಹೋಗಿ ಅವರ ಎದುರೇ ಕೂತಳು.

"ಇದನ್ನ ಯಾರು ಹೇಳ್ಕೊಟ್ರು ಗೋಪಾಲಮ್ಮ?"

"ಯಾರೇಳ್ಕೊಡ್ತಾರೆ ಮೇಡಂ. ನಾನು ಜಾಲಹಳ್ಳಿ ಫ್ಯಾಕ್ಟ್ರೀಲಿ ಟೆಲಿಫೋನ್ ಎಕ್ಸ್‌ಚೇಂಜಲ್ಲಿದ್ದೆ, ಇಪ್ಪತ್ನಾಕು ವರ್ಸ. ಆಮೇಲೆ ವಿಆರ್‌ಎಸ್ ತಗೊಂಡೆ. ಅಲ್ಲಿ ಯಾರಾನ ಬಂದು ಟ್ರಂಕ್ ಕಾಲು ಕೇಳಿದ್ರೆ ಆಯ್ತು ಅಂತಿದ್ದೆ. ಬರ್ಕೊಂಡಿದೀನಿ ಅಂತ ನನ್ ಅರ್ಥ. ಲೈನ್ ಸಿಕ್ತು ಅಂತ ಅವ್ರರ್ಥ. ಅಲೋ ಅಲೋ ಅಂತ ಬಡ್ಕೊಳೋರು." ಗೋಪಾಲಮ್ಮ ನಕ್ಕರು. ಆಮೇಲೆ ಅನ್ನ ಕಲಸುವುದನ್ನು ನಿಲ್ಲಿಸಿದರು. "ಮುನಿಆಂಜಿನಪ್ಪ ಅಂತ ಒಬ್ರಿದ್ರು, ಲೇತ್ ಮಿಷಿನ್ನೋರು. ಮಗಳಿಗೆ ತುಂಬಾ ಸೀರಿಯಸ್ಸು, ಕೋಲಾರದ ಆಸ್ಪತ್ರೇಲಿ. ಕಾಲ್ ಮಾಡ್ಕೊಡಮ್ಮಾ ಅಂದ್ರು. ಆಯ್ತು ಅಂದೆ. ಲೈನೇ ಸಿಗ್ಲಿಲ್ಲ ಮೇಡಂ. ನಾನು ಆ ಕಡೆ ಟ್ರೈ ಮಾಡ್ತಾ ಇದ್ರೆ, ಆವಯ್ಯ ಈ ಕಡೆ ಫೋನ್ ಕಿವಿಗಿಟ್ಕೊಂಡು ಮುಕ್ಕಾಲ್ ಗಂಟೆ ನಿಂತಿದ್ರು. ಬಸ್ ಅತ್ಕೊಂಡು ಓಗಿದ್ರೆ ಮಗು ಮುಖನಾದ್ರೂ ನೋಡೋರು."

ಶಾಂತಲಾ ಡಬ್ಬಿಯ ಮುಚ್ಚಳ ಹಾಕಿದಳು.

"ಅವತ್ತಿಂದ ಇಂಗೆ. ಎರಡ್ ಕಾಲಮ್ಮು. ಇನ್ನೊಂದ್ ರೂಲು ಐತೆ. ಟಿಕ್ ಆಕೋದು ಮಾಡ್ದೋರಲ್ಲ, ಕೇಳ್ದೋರು. ಉಲ್ರಿಕೆ ಸರಿ ಇದೆ ಅಂತ ಬರ್ಯೋವರ್ಗೂ ನಾನ್ ಟಿಕ್ ಆಕಲ್ಲ. ಪುನೀತು ತಲೆಕೆಳಗಾಗಿ ನಿಂತ್ರೂ ಆಕಲ್ಲ."

ಶಾಂತಲಾ ಟೇಬಲ್ಲಿಗೆ ಬಂದು ಪುನೀತನನ್ನು ಕರೆದಳು. ಲಿಫ್ಟ್ ಟೀಮಿಗೆ ಬರುವ ಮೊದಲು ಅವನು ಸೋತ ಪ್ರಾಜೆಕ್ಟೊಂದರಲ್ಲಿದ್ದ. ತರಕಾರಿ ಗೋದಾಮುಗಳ ದಾಸ್ತಾನಿನ ಪ್ರಾಜೆಕ್ಟು, 2012ರದ್ದು. ಅದು ಕೆಟ್ಟಾಗಲೂ ಯಾಕೆ ಕೆಟ್ಟಿತು ಎಂದು ಬರೆದುಕೊಟ್ಟವಳು ಇವಳೇ.

"ಗೌರಿ ಹಬ್ಬದ ಹಿಂದಿನ ದಿನ ಏನಾಯ್ತು ಪುನೀತ್? ಫಾರಂ ಬೇಡ, ಹಂಗೇ ಹೇಳು."

ಪುನೀತನ ಮುಖದಲ್ಲಿದ್ದ ತಮಾಷೆ ಇಳಿಯಿತು. "ಹಳೇ ಸ್ಟಾಕ್ ಲಿಸ್ಟ್ ತೆಗೆದುಹಾಕಿ, ನಾಳೆ ಹೊಸದು ಶುರು ಮಾಡ್ತೀವಿ ಅಂತ ಜರ್ಮನಿಯಿಂದ ಬಂತು ಮೇಡಂ. ಡನ್ ಅಂತ ಹಾಕ್ದೆ. ಆಯ್ತು, ಮಾಡ್ತೀನಿ ಅಂತ. ಅಷ್ಟರಲ್ಲಿ ಅಮ್ಮ ಫೋನ್ ಮಾಡಿ ಬಾಗಿನದ ಸಾಮಾನು ತಗೊಂಡು ಬೇಗ ಬಾ ಅಂದ್ರು. ಬೆಳಿಗ್ಗೆ ಬೇಗ ಲಾಗಿನ್ ಆಗಿ ಮಾಡಿದ್ರಾಯ್ತು ಅನ್ಕೊಂಡೆ. ಅವ್ರು ನನ್ ಡನ್ ನೋಡ್ಬಿಟ್ಟು ರಾತ್ರೀನೇ ಶುರು ಮಾಡ್ಬಿಟ್ರು. ಎರಡು ಲಿಸ್ಟೂ ಕಲ್ಸ್ಕೊಂಡು ಹನ್ನೊಂದು ಗೋದಾಮು ಚಿತ್ರಾನ್ನ." ಅವನು ಗುರುತಿನ ಚೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡ. "ಅಲ್ಲಿನವ್ರು ಸುಳ್ಳು ಹೇಳಿದಾನೆ ಅಂತ ಬರೆದ್ರು ಮೇಡಂ. ನಾನ್ ಸುಳ್ಳು ಹೇಳಿಲ್ಲ. ನಾನು ಹೇಳಿದ್ದು ಆಯ್ತು ಅಂತ."

ಶಾಂತಲಾ ಅವತ್ತಿನ ತನ್ನ ವರದಿ ತೆಗೆದು ನೋಡಿದಳು. ಕಾರಣ: ಸಂವಹನದ ಕೊರತೆ. ಅಂಕ: ಎರಡು. ಅಷ್ಟೇ. ನಲವತ್ತು ಪುಟದಲ್ಲಿ ಆ ಒಂದು ಪದ ಎಲ್ಲೂ ಇಲ್ಲ. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ನಾಲ್ಕೂ ಪ್ರಾಜೆಕ್ಟಿನ ಹಳೇ ಸಂದೇಶಗಳನ್ನು ತರಿಸಿಕೊಂಡು ಮೂರು ದಿನ ಕೂತು ಎಣಿಸಿದಳು. ಸಾವಿರದ ನೂರ ಅರವತ್ತೆಂಟು ‘ಡನ್’. ಅದರಲ್ಲಿ ನಾನೂರಕ್ಕೂ ಹೆಚ್ಚು, ಬರೆದ ಹೊತ್ತಿನಲ್ಲಿ ಕೆಲಸ ಮುಟ್ಟಿಯೂ ನೋಡಿಲ್ಲ. ಇಂಗ್ಲಿಷಿನ ಡನ್ ಎಂದರೆ ಮುಗಿದಿದೆ. ನಮ್ಮ ಆಯ್ತು ಎಂದರೆ ಆಗಲಿ ಅಂತಲೂ ಹೌದು, ಆಗಿದೆ ಅಂತಲೂ ಹೌದು. ನಮ್ಮವರು ಒಳಗೆ ಮೊದಲನೆಯದನ್ನು ಇಟ್ಟುಕೊಂಡು ಹೊರಗೆ ಎರಡನೆಯದನ್ನು ಬರೆಯುತ್ತಿದ್ದರು. ಟೀಮಿನ ತೆಲುಗರೂ ತಮಿಳರೂ ಸಹವಾಸದಿಂದ ಅದನ್ನೇ ಕಲಿತಿದ್ದರು. ಯಾರೂ ಸುಳ್ಳು ಹೇಳಿರಲಿಲ್ಲ, ಎಲ್ಲರೂ ಸುಳ್ಳರಾಗಿದ್ದರು.

ವರ್ಷಗಳ ಮೇಲೆ ಅವಳಿಗೆ ತನ್ನ ಕೆಲಸದ ಬಗ್ಗೆ ಖುಷಿಯಾದದ್ದು ಅವತ್ತು. ಸಂಜೆ ಬಸ್ ಸ್ಟಾಪಿನವರೆಗೂ ಗೋಪಾಲಮ್ಮನ ಜೊತೆ ನಡೆದುಕೊಂಡೇ ಹೋದಳು. ಗೋಪಾಲಮ್ಮ ಯಲಹಂಕದಲ್ಲಿ ಬಸ್ಸು ಬದಲಿಸಿ ರಾಜಾನುಕುಂಟೆಗೆ ಹೋಗಬೇಕು. ಅವರ ಮನೆಯ ಸಂಗತಿ ಆಫೀಸಿಗೆಲ್ಲ ಗೊತ್ತಿತ್ತು. ಗಂಡ ಚಿಕ್ಕಮುನಿಯಪ್ಪನವರ ಹೊಲ ಲೇಔಟಾಗಿ ಮೂರಂತಸ್ತಿನ ಮನೆ ಎದ್ದಿದೆ, ಬಾಡಿಗೆ ಬರುತ್ತದೆ, ಗೋಪಾಲಮ್ಮ ದುಡಿಯಲೇಬೇಕೆಂದಿಲ್ಲ.

"ಮೇಡಂ, ಒಂದ್ ಮಾತು." ಬಸ್ ಸ್ಟಾಪಿನಲ್ಲಿ ಗೋಪಾಲಮ್ಮ ದನಿ ತಗ್ಗಿಸಿದರು. "ಮಾರ್ಚ್ ಮೂವತ್ತೊಂದಕ್ಕೆ ನನ್ ಕಾಂಟ್ರಾಕ್ಟು ಮುಗೀತೈತೆ. ನಿಮ್ ರಿಪೋರ್ಟಲ್ಲಿ ಬಂದೋರ್ಗೆ ಮಾತ್ರ ಮುಂದೆ ಅಂತ ಎಲ್ಲಾ ಮಾತಾಡ್ಕೊತಾವ್ರೆ."

"ಹೌದು."

"ದುಡ್ಡಿಗಲ್ಲ ಕಣ್ರೀ. ಮನ್ಯಾಗೆ ನಾನು ಅತ್ತೆ, ಅಜ್ಜಿ, ಚಿಕ್ಮುನಿಯಪ್ಪನ್ ಎಂಡ್ತಿ. ಗೋಪಾಲಮ್ಮ ಅಂತ ಇರೋದು ಇಲ್ಲೇಯ. ನನ್ ಎಸ್ರು ಬ್ಯಾಡ. ನಾನ್ ಮಾಡೋದೂ ಒಂದ್ ಕೆಲ್ಸ ಅಂತ ಬರ್ದ್ರೆ ಸಾಕು."

"ಆಯ್ತು ಗೋಪಾಲಮ್ಮ, ಬರೀತೀನಿ," ಎಂದಳು ಶಾಂತಲಾ. ಮನಸಾರೆ ಅಂದಳು.

ಗೋಪಾಲಮ್ಮ ಅವಳನ್ನು ಯಾವ ಆಯ್ತು ಎಂದು ಕೇಳಲಿಲ್ಲ. ಬ್ಯಾಗಿನಿಂದ ನೋಟ್‌ಬುಕ್ಕು ತೆಗೆದು, ನಿಂತಲ್ಲೇ ಏನೋ ಒಂದು ಸಾಲು ಗೀಚಿ ಒಳಗಿಟ್ಟರು. ಅಷ್ಟರಲ್ಲಿ ಬಸ್ಸು ಬಂತು.

ಶಾಂತಲಾ ಬರೆದಳು. ಮೊದಲ ಪುಟದಲ್ಲೇ ಬರೆದಳು. ಮೂರು ದೇಶದ ಕೆಲಸ ಗೆಲ್ಲುವುದು ಟೂಲಿನಿಂದಲ್ಲ. ಒಪ್ಪಿದ್ದು ಯಾವುದು, ಮುಗಿದದ್ದು ಯಾವುದು ಎಂದು ದಿನಾ ಎದುರು ನಿಂತು ಕೇಳುವ ಒಬ್ಬರು ಇರಬೇಕು. ಹಾಗೆ ಕೇಳಿದಾಗ ಅಲ್ಲಗಳೆಯಲಾಗದಷ್ಟು ಗೌರವ ಅವರಿಗಿರಬೇಕು. ಲಿಫ್ಟ್ ಟೀಮಿನಲ್ಲಿ ಅದನ್ನು ಗೋಪಾಲಮ್ಮ ಮಾಡುತ್ತಾರೆ. ಆಯ್ತು ಎಂಬ ಪದಕ್ಕೇ ಅರ್ಧ ಪುಟ ಕೊಟ್ಟಳು. ಎಣಿಕೆಯನ್ನೂ ಹಾಕಿದಳು.

ಮಾರ್ಚ್ ಎರಡನೇ ವಾರ ರಘುನಾಥ್ ಅದನ್ನು ಓದಿದರು. ಓದಿ ಕನ್ನಡಕ ತೆಗೆದಿಟ್ಟರು.

"ಶಾಂತಲಾ, ಚೆನ್ನಾಗಿದೆ. ಕಥೆ ತರ ಇದೆ. ಆದ್ರೆ ಇದನ್ನ ನಾನು ಜರ್ಮನಿಗೆ ಹೋಗಿ ತೋರಿಸ್ಬೇಕು. ಒಬ್ಬ ಹೆಂಗಸು ನೋಟ್‌ಬುಕ್ ಹಿಡ್ಕೊಂಡು ಟೇಬಲ್ ಟೇಬಲ್‌ಗೆ ಹೋಗಿ ಆಯ್ತಾ ಆಯ್ತಾ ಅಂತ ಕೇಳ್ತಾರೆ, ಅದಕ್ಕೇ ಗೆದ್ವಿ ಅಂತ ಹೇಳಕ್ಕಾಗುತ್ತೇನ್ರೀ?"

"ನಿಜ ಅದೇ ಸರ್."

"ನಿಜ ಇರ್ಬೋದು. ಆದ್ರೆ ಎಂಟು ನೂರು ಜನಕ್ಕೆ ಎಷ್ಟು ಗೋಪಾಲಮ್ಮನ್ನ ಹುಡುಕ್ಲಿ ನಾನು? ಟೂಲ್‌ಗೆ ಅಷ್ಟು ಸುರಿದಿದೀವಿ. ಟೂಲ್‌ನ ಶಿಸ್ತಾಗಿ ಬಳಸಿದ್ರು, ಅದಕ್ಕೆ ಗೆದ್ರು ಅಂತ ಮಾಡಿ. ಈ ಪುಟ ತೆಗೆದ್ಬಿಡಿ. ಬೇಕಾದ್ರೆ ಕೊನೇಲಿ ಎಲ್ಲಾದ್ರೂ ಒಂದು ಸಾಲು ಹಾಕಿ."

ಶಾಂತಲಾ ಬಾಯಿ ತೆರೆದಳು. ಬೆಳಗ್ಗೆಯಿಂದ ತಲೆನೋವು. ಮಗಳು ಶಿಲ್ಪಳ ಹತ್ತನೇ ಕ್ಲಾಸಿನ ಪರೀಕ್ಷೆ ಹತ್ತಿರ ಬಂದಿತ್ತು. ಗೀಸರ್ ಕೆಟ್ಟು ಮೂರು ವಾರವಾಗಿತ್ತು, ಗಂಡ ನಾಗೇಶ್ ದಿನಾ ಬೆಳಗ್ಗೆ ಆಯ್ತು ಕಣೇ ಇವತ್ತು ರಿಪೇರಿಯವ್ನಿಗೆ ಹೇಳ್ತೀನಿ ಎನ್ನುತ್ತಿದ್ದ. ರಘುನಾಥರ ಹತ್ತಿರ ಜಗಳವಾಡಿ ಗೆದ್ದವರು ಯಾರಿದ್ದಾರೆ, ಹದಿನಾಲ್ಕು ವರ್ಷದಲ್ಲಿ ತಾನೇ ಒಂದು ಸಲವಾದರೂ ಗೆದ್ದಿದ್ದೀನಾ, ಎಂದು ಅನ್ನಿಸಿತು. ಸುಸ್ತಾದವರ ಬಾಯಲ್ಲಿ ಬರುವ ಮಾತು ಒಂದೇ.

"ಆಯ್ತು ಸರ್," ಎಂದಳು.

ಪುಟ ತೆಗೆದಳು. ಆ ಪುಟವನ್ನು ಬೇರೆ ಕಡೆ ಉಳಿಸಿಟ್ಟಳು, ಆಮೇಲೆ ನೋಡಿದರಾಯಿತು ಎಂದುಕೊಂಡಳು. ಆಮೇಲೆ ನೋಡಲಿಲ್ಲ. ಗೋಪಾಲಮ್ಮ ಎದುರಾದಾಗಲೆಲ್ಲ ಫೋನು ಕಿವಿಗಿಟ್ಟುಕೊಂಡು ಸರಿದುಹೋದಳು. ಒಂದು ದಿನ ನೀರು ಹಿಡಿಯುವಲ್ಲಿ ಇಬ್ಬರೂ ಮುಖಾಮುಖಿಯಾದರು. ಗೋಪಾಲಮ್ಮ ನಕ್ಕರು. ದಿನಾ ಹದಿನೆಂಟು ಜನರನ್ನು ಬಿಡದೆ ಕೇಳುವವರು ಅವಳನ್ನು ಕೇಳಲಿಲ್ಲ. ತಮ್ಮದೇ ವಿಷಯವಾದ್ದರಿಂದ ಕೇಳಲಿಲ್ಲ ಎಂದು ಶಾಂತಲಾಳಿಗೆ ಅರ್ಥವಾಯಿತು, ಅರ್ಥವಾಗಿಯೂ ಬಾಟಲಿಯ ಮುಚ್ಚಳ ತಿರುಗಿಸಿಕೊಂಡು ಬಂದುಬಿಟ್ಟಳು.

ಆ ವರ್ಷ ಯುಗಾದಿ ಮಾರ್ಚ್ ಮೂವತ್ತೊಂದರ ಸೋಮವಾರ ಬಿದ್ದಿತ್ತು. ಹಾಗಾಗಿ ಗೋಪಾಲಮ್ಮನ ಕೊನೆಯ ದಿನ ಶುಕ್ರವಾರವೇ ಆಗಿಹೋಯಿತು. ಟೀಮಿನವರು ಕೇಕು ತಂದರು, ಪುನೀತ್ ಯಾವ ಕೇಕು, ಒಪ್ಪಿದ ಕೇಕಾ ಮುಗಿದ ಕೇಕಾ ಎಂದು ನಗಿಸಲು ನೋಡಿದ, ಯಾರಿಗೂ ನಗು ಬರಲಿಲ್ಲ. ಗುರುತಿನ ಚೀಟಿ ಒಪ್ಪಿಸಿ ಗೋಪಾಲಮ್ಮ ಶಾಂತಲಾಳ ಟೇಬಲ್ಲಿಗೆ ಬಂದರು.

"ಇದನ್ನ ಯಾರಿಗ್ ಕೊಡ್ಬೇಕೋ ಗೊತ್ತಾಗ್ಲಿಲ್ಲ ಮೇಡಂ. ನೀವಾದ್ರೆ ಇಂತಾವೆಲ್ಲ ಓದ್ತೀರ." ನೀಲಿ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟರು. "ಓಗ್ಬರ್ತೀನಿ. ಅಬ್ಬಕ್ಕೆ ಒಬ್ಬಟ್ಟಿಗೆ ಬೇಳೆ ಅಸನು ಮಾಡ್ಬೇಕು, ಎಲ್ಲಾ ಐತೆ."

ಶಾಂತಲಾ ಎದ್ದು ನಿಂತಳು. ಒಳ್ಳೇದಾಗಲಿ ಎಂದೋ ಏನೋ ಅಂದಳು. ನೋಟ್‌ಬುಕ್ಕನ್ನು ಡ್ರಾಯರಿನಲ್ಲಿ ಹಾಕಿ ಮುಚ್ಚಿದಳು.

ಹಬ್ಬ ಕಳೆದ ಆ ಶುಕ್ರವಾರ, ಏಪ್ರಿಲ್ ನಾಲ್ಕಕ್ಕೆ, ಉಲ್ರಿಕೆಯ ಮೇಲ್ ಬಂತು. ಮೂರು ದಿನದಿಂದ ಗೋಪಾಲಮ್ಮ ಬಂದಿಲ್ಲ, ಕಳಿಸುತ್ತೀರಾ ಎಂದು ಅವರು ಟೀಮಿಗೆ ಬರೆದು ಶಾಂತಲಾಳಿಗೂ ಪ್ರತಿ ಹಾಕಿದ್ದರು. ಕೆಳಗೆ ಯಾರೋ ಹೊಸಬರು ಉತ್ತರ ಹಾಕಿದ್ದರು: ‘ಡನ್’.

ಶಾಂತಲಾಳಿಗೆ ನಗು ಬಂತು. ಬಂದ ನಗು ಅಲ್ಲೇ ನಿಂತಿತು. ಡ್ರಾಯರ್ ಎಳೆದು ನೋಟ್‌ಬುಕ್ ತೆಗೆದಳು. ದುಂಡನೆ ಅಕ್ಷರ, ಪುಟ ಪುಟಕ್ಕೂ ಟಿಕ್ಕು. ಎರಡು ವರ್ಷದ ಸಾಲುಗಳು. ಟಿಕ್ ಇಲ್ಲದ ಸಾಲು ಸಿಗುವುದೇ ಕಷ್ಟ. ಫೆಬ್ರವರಿಯ ಒಂದು ಪುಟದಲ್ಲಿ, ನಿಂತುಕೊಂಡು ಬರೆದದ್ದಕ್ಕೆ ಅಕ್ಷರ ಸ್ವಲ್ಪ ಸೊಟ್ಟಗಾಗಿ, ಒಂದು ಸಾಲು ಸಿಕ್ಕಿತು. ಒಪ್ಪಿದ್ದು ಎಂಬ ಕಡೆ: ‘ಶಾಂತಲಾ ಮೇಡಂ — ನನ್ನ ಕೆಲಸ ರಿಪೋರ್ಟಲ್ಲಿ ಬರೀತೀನಿ ಅಂದರು. 24 ಫೆಬ್ರವರಿ.’ ಮುಗಿದದ್ದು ಎಂಬ ಕಡೆ ಏನೂ ಇರಲಿಲ್ಲ.

ಅವಳು ಆ ಖಾಲಿ ಜಾಗವನ್ನೇ ನೋಡುತ್ತಾ ಕೂತಳು. ಫೋನು ಕಿವಿಗಿಟ್ಟುಕೊಂಡು ನಿಂತ ಆ ಮುನಿಆಂಜಿನಪ್ಪನನ್ನು ಅವಳು ಕಂಡವಳಲ್ಲ. ಆದರೂ ಐದು ವಾರ ಗೋಪಾಲಮ್ಮನನ್ನು ಹಾಗೆಯೇ ನಿಲ್ಲಿಸಿದೆನಲ್ಲ ಎಂದುಕೊಂಡಳು. ಆಗುವುದಿಲ್ಲ ಎಂದಿದ್ದರೆ ಅವರು ಬೇರೆ ಯಾರನ್ನಾದರೂ ಕೇಳುತ್ತಿದ್ದರು, ಉಲ್ರಿಕೆಯನ್ನೇ ಕೇಳುತ್ತಿದ್ದರು. ಇವಳು ಆಗುವುದಿಲ್ಲ ಎನ್ನಲಿಲ್ಲ.

ಉಳಿಸಿಟ್ಟಿದ್ದ ಪುಟ ತೆಗೆದಳು. ಒಂದಕ್ಷರವೂ ಬದಲಿಸದೆ ವರದಿಯ ಮೊದಲ ಪುಟವಾಗಿ ಸೇರಿಸಿದಳು. ಜರ್ಮನಿಗೆ, ಪೋಲೆಂಡಿಗೆ, ರಘುನಾಥರಿಗೆ, ಎಲ್ಲರಿಗೂ ಕಳಿಸಿದಳು.

ಹತ್ತು ನಿಮಿಷಕ್ಕೆ ರಘುನಾಥ್ ಅವರೇ ಎದ್ದು ಬಂದರು. "ಏನ್ರೀ ಇದು? ಅವತ್ತು ಆಯ್ತು ಅಂದ್ರಲ್ಲ!"

"ಒಪ್ಪಿದ ಆಯ್ತು ಸರ್. ಮುಗಿದ ಆಯ್ತಲ್ಲ."

ಸುತ್ತಲಿನವರು ತಲೆ ತಗ್ಗಿಸಿಕೊಂಡು ನಕ್ಕರು. ರಘುನಾಥ್ ನಗಲಿಲ್ಲ, ಕೂಗಾಡಲೂ ಇಲ್ಲ. ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ಅವರಿಗೂ ಸುಸ್ತಾದ ಹಾಗೆ ಕಂಡಿತು.

"ಉಲ್ರಿಕೆ ಆಗ್ಲೇ ಫೋನ್ ಮಾಡಿದ್ರು. ಇದೇ ಸರಿ, ಎಲ್ಲಾ ಟೀಮಿಗೂ ಈ ತರ ಒಬ್ರು ಬೇಕು ಅಂತಾರೆ. ಈಗ ಏನ್ ಮಾಡ್ಲಿ? ಆ ಪೋಸ್ಟ್ ಮೊನ್ನೆ ಮೂವತ್ತೊಂದಕ್ಕೆ ಕ್ಲೋಸ್ ಆಯ್ತು. ಹೊಸದಾಗಿ ತೆಗೆದ್ರೆ ಡಿಗ್ರಿ ಇರ್ಬೇಕು, ಮೂವತ್ತೈದರ ಒಳಗಿರ್ಬೇಕು, ಮೇಲಿನವರ ರೂಲು. ಒಂದು ವಾರ ಮುಂಚೆ ಕಳ್ಸಿದ್ರೆ ರಿನ್ಯೂ ಅಂತ ಒಂದು ಸೈನ್ ಹಾಕ್ಬಿಡ್ತಿದ್ದೆ ಕಣ್ರೀ. ನೀವು ಒಂದು ವಾರ ಮುಂಚೆ ಹಠ ಹಿಡೀಬೇಕಿತ್ತು."

ಹಿಡಿದಿದ್ದರೆ ಇವರು ಕೇಳುತ್ತಿದ್ದರೋ ಇಲ್ಲವೋ, ದೇವರಿಗೇ ಗೊತ್ತು. ಹಿಡಿಯಲಿಲ್ಲ ಎನ್ನುವುದಂತೂ ಅವಳಿಗೆ ಗೊತ್ತಿತ್ತು.

ಶನಿವಾರ ಬೆಳಗ್ಗೆ ಅವಳು ಯಲಹಂಕದಿಂದ ದೊಡ್ಡಬಳ್ಳಾಪುರದ ಬಸ್ಸು ಹತ್ತಿದಳು. ಚುನಾವಣೆಯ ಪ್ರಚಾರದ ಆಟೋ ಒಂದು ಮುಂದೆ ಸಿಕ್ಕಿಕೊಂಡು, ಕಿವಿ ಕಿತ್ತುಹೋಗುವ ಹಾಗೆ ಹಾಡು ಹಾಕಿಕೊಂಡು, ಅರ್ಧ ದಾರಿ ಬಸ್ಸನ್ನು ತೆವಳಿಸಿತು. ರಾಜಾನುಕುಂಟೆಯಲ್ಲಿ ಇಳಿದು ಎಕ್ಸ್‌ಚೇಂಜ್ ಗೋಪಾಲಮ್ಮನ ಮನೆ ಎಂದು ಕೇಳಿದರೆ ಗೊತ್ತಾಗಲಿಲ್ಲ. ಚಿಕ್ಕಮುನಿಯಪ್ಪನವರ ಮನೆ ಎಂದಾಗ ಅಂಗಡಿಯವನು ಕೈ ತೋರಿಸಿದ.

ಗೋಪಾಲಮ್ಮ ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಶಾಂತಲಾಳನ್ನು ಕಂಡು ಗಡಬಡಿಸಿ ಎದ್ದರು. "ಅಯ್ಯೋ ಬಾರಮ್ಮ, ಬಾ! ಬಿಸ್ಲಲ್ಲಿ ಬಂದಿದೀಯಲ್ಲ, ಒಂದ್ ಫೋನ್ ಮಾಡ್ಬಾರ್ದಾ?" ಆಫೀಸಿನ ‘ಮೇಡಂ’ ಆಫೀಸಿನಲ್ಲೇ ಉಳಿದಿತ್ತು. ಒಳಗೆ ಕೂಗಿ ಸೊಸೆ ರಾಣಿಯ ಕೈಲಿ ಮಜ್ಜಿಗೆ ತರಿಸಿದರು.

ಶಾಂತಲಾ ಮಜ್ಜಿಗೆ ಕುಡಿದಳು. ಬ್ಯಾಗಿನಿಂದ ವರದಿಯ ಮೊದಲ ಪುಟ ತೆಗೆದು ಕೊಟ್ಟಳು. ಗೋಪಾಲಮ್ಮ ಸೆರಗಿಗೆ ಕೈ ಒರೆಸಿಕೊಂಡು, ಕನ್ನಡಕ ತರಿಸಿಕೊಂಡು, ಇಂಗ್ಲಿಷನ್ನು ಬೆರಳಿಟ್ಟು ಓದಿದರು. ತಮ್ಮ ಹೆಸರಿನ ಹತ್ತಿರ ಬೆರಳು ನಿಂತಿತು.

"ಎಸ್ರೂ ಆಕಿದೀಯ."

"ಹಾಕಿದೀನಿ. ಎಲ್ಲಾರ್ಗೂ ಹೋಗಿದೆ. ಇನ್ಮೇಲೆ ಎಲ್ಲಾ ಟೀಮಿಗೂ ಈ ತರ ಒಬ್ರನ್ನ ಇಡ್ತಾರಂತೆ." ಅವಳು ಮಜ್ಜಿಗೆಯ ಲೋಟ ಪಕ್ಕಕ್ಕೆ ಸರಿಸಿದಳು. "ನಿಮ್ಮನ್ನ ತಗೊಳಕ್ಕೆ ಆಗಲ್ವಂತೆ ಗೋಪಾಲಮ್ಮ. ತಡ ಮಾಡ್ಬಿಟ್ಟೆ. ಅವತ್ತು ತೆಗೀರಿ ಅಂದ್ರು, ತೆಗೆದ್ಬಿಟ್ಟೆ. ನಿಮಗೆ ಹೇಳ್ಲಿಲ್ಲ."

ಗೋಪಾಲಮ್ಮ ಪುಟವನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. ಶಾಂತಲಾ ನೀಲಿ ನೋಟ್‌ಬುಕ್ಕು ತೆಗೆದು ಆ ಪುಟ ಬಿಚ್ಚಿ ಚಾಪೆಯ ಮೇಲಿಟ್ಟಳು, ಪಕ್ಕದಲ್ಲಿ ಪೆನ್ನು.

"ನಾನೇ ಹಾಕೋ ಹಂಗಿಲ್ವಲ್ಲ," ಎಂದಳು.

ಗೋಪಾಲಮ್ಮ ಪೆನ್ನು ತೆಗೆದುಕೊಂಡರು. ರೂಲು ರೂಲೇ. ಮುಗಿದದ್ದು ಎಂಬ ಕಡೆ ಒಂದು ಟಿಕ್ ಹಾಕಿದರು, ಎಂದಿನ ಹಾಗೆ ಅದರ ಮುಂದೆ ತಾರೀಖು ಕೇಳಿದರು. ನಿನ್ನೆ, ನಾಲ್ಕು ಎಂದಳು ಶಾಂತಲಾ. ‘4 ಏಪ್ರಿಲ್’ ಎಂದು ಬರೆದರು. ಈ ಕಡೆ ಫೆಬ್ರವರಿ, ಆ ಕಡೆ ಏಪ್ರಿಲ್. ನಡುವೆ ಇದ್ದ ಮಾರ್ಚ್ ಮೂವತ್ತೊಂದನ್ನು ಯಾರೂ ಎಲ್ಲೂ ಬರೆಯಲಿಲ್ಲ.

ನೋಟ್‌ಬುಕ್ಕು ಮುಚ್ಚಿ ಪಕ್ಕಕ್ಕಿಟ್ಟು, ಗೋಪಾಲಮ್ಮ ಮತ್ತೆ ಹುಣಸೆಹಣ್ಣಿನ ಮೊರ ಎಳೆದುಕೊಂಡರು.

"ಆಯ್ತು ಬಿಡಮ್ಮ," ಎಂದರು.

ಯಾವ ಆಯ್ತು ಎಂದು ಶಾಂತಲಾ ಕೇಳಲಿಲ್ಲ.